ಮಡಿಕೇರಿಗೂ ಬರಲಿ ದೊಡ್ಡ ಚಿತ್ರಗಳು

ಮಾನ್ಯರೇ,

ಹೋದ ವರ್ಷ ಮಗಳ ಮನೆಗೆಂದು ದೆಹಲಿಗೆ ಹೋದಾಗ ಜೈಪುರ ಹೌಸ್‌ನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ನೋಡಿ ಬಂದೆ. ಮೂವತ್ತು ವರ್ಷ ಮಕ್ಕಳಿಗೆ ಡ್ರಾಯಿಂಗ್ ಕಲಿಸಿದವನು ನಾನು. ಅಮೃತಾ ಶೇರ್‌ಗಿಲ್ 1937ರಲ್ಲಿ ಬರೆದ ‘ಬ್ರಹ್ಮಚಾರಿಗಳು’ ಚಿತ್ರವನ್ನು ಪುಸ್ತಕದಲ್ಲಿ ಬೆಂಕಿಪೊಟ್ಟಣದಷ್ಟು ಗಾತ್ರದಲ್ಲಿ ತೋರಿಸಿಯೇ ಪಾಠ ಮುಗಿಸಿದ್ದೆ. ಎದುರಿಗೆ ನಿಂತಾಗ ಗೊತ್ತಾಯಿತು, ಆ ಐವರ ಪಂಚೆಯ ಬಿಳಿ ಬರೀ ಬಿಳಿಯಲ್ಲ. ಒಂದೊಂದು ಮಡಿಕೆಯಲ್ಲೂ ಬೇರೆ ಬೇರೆ ಬಿಳಿ! ಸುಮ್ನೆ ನಿಂತುಬಿಟ್ಟೆ. ನನ್ನ ಮಕ್ಕಳಿಗೆ ಇದನ್ನು ತೋರಿಸಲೇ ಇಲ್ವಲ್ಲ ಅಂತ ಸಂಕಟವಾಯಿತು.

ಬೆಂಗಳೂರಿನ ಮಾಣಿಕ್ಯವೇಲು ಮ್ಯಾನ್ಶನ್‌ನಲ್ಲಿ 2009ರಿಂದ ಇದೇ ಗ್ಯಾಲರಿಯ ಶಾಖೆ ಇದೆ. ನಮ್ಮ ಹಳ್ಳಿ ಶಾಲೆಗಳಿಗೆ ಅದೂ ದೂರವೇ. ಮಡಿಕೇರಿ ಕೋಟೆಯ ಹಳೇ ಚರ್ಚಿನಲ್ಲಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆ ಅಲ್ವಾ? ದಸರಾಕ್ಕೆ ಜನ ಸೇರುವ ಹೊತ್ತಿಗೆ ಒಂದು ವಾರ ಅಲ್ಲಿ ಈ ಚಿತ್ರಗಳ ಪ್ರತಿಗಳನ್ನು ಮೂಲದಷ್ಟೇ ಗಾತ್ರದಲ್ಲಿ ತೂಗುಹಾಕಲಿ. ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ಚಿತ್ರಗಳೂ ಇರಲಿ. ಮೂಲಚಿತ್ರ ಬೇಡ, ನಮ್ಮ ತೇವಕ್ಕೆ ಬೂಷ್ಟು ಹಿಡಿದೀತು. ಮಕ್ಕಳಿಗೆ ವಿವರಿಸಲು ನಾನು ದಿನವೂ ಬರುತ್ತೇನೆ, ಸಂಬಳ ಬೇಡ.

– ನಿವೃತ್ತ ಚಿತ್ರಕಲಾ ಶಿಕ್ಷಕ, ಸೋಮವಾರಪೇಟೆ