ಬಾನೆಟ್ ಮುಟ್ಟಿ ನೋಡು, ಪುಟ್ಟಿ

ತೀರ್ಥಹಳ್ಳಿ, ಬುಧವಾರ ರಾತ್ರಿ

ಪುಟ್ಟಿ,

ಭಾನುವಾರ ಫೋನಿನಲ್ಲಿ ಕೂಗಾಡಿದ್ದು ತಪ್ಪು. "ಹೆಣ್ಣುಮಗಳಿಗೆ ಯಾಕೆ ಅಂಥ ಕಾರು" ಅಂದೆನಲ್ಲ, ಆ ಮಾತು ವಾಪಸ್ ತಗೊಂಡಿದ್ದೇನೆ. ಉಳಿದದ್ದನ್ನು ತಗೊಂಡಿಲ್ಲ.

2012ರ ಬಿಎಂಡಬ್ಲ್ಯು 520ಡಿ, 1,38,000 ಕಿಲೋಮೀಟರ್ ಓಡಿದ್ದು, ಹೊಸ ಸಣ್ಣ ಕಾರಿನ ರೇಟಿಗೆ ಸಿಗುತ್ತಿದೆ, ತಗೋತೀನಿ ಅಂದೆ ನೀನು. ಸಿಗುತ್ತದೆ ಮಾರಾಯ್ತಿ. ಕಾರಿನ ರೇಟು ಇಳಿದಿದೆ, ಪಾರ್ಟ್ಸ್ ರೇಟು ಇಳಿದಿಲ್ಲ.

ನಮ್ಮ ಬಿಳಿ ಕಾರಿನ ಕಥೆ ನಿನಗೆ ಗೊತ್ತೇ ಇದೆ. ಆಗುಂಬೆ ಘಾಟಿ, ಆ ಮಳೆ, ಅದೆಲ್ಲ ಬಿಡು. ನಿನಗೆ ಗೊತ್ತಿಲ್ಲದ್ದು ಒಂದಿದೆ. ಅಮ್ಮನಿಗೂ ಹೇಳಿಲ್ಲ.

ಆ ಕಾರನ್ನು ಕೊಳ್ಳುವ ಮೊದಲು ನೋಡಲು ಶಿವಮೊಗ್ಗಕ್ಕೆ ಹೋದ ಬೆಳಗ್ಗೆ ಸಿಕ್ಕಾಪಟ್ಟೆ ಚಳಿ. ಸುಮ್ನೆ ಬಾನೆಟ್ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಪಾಪ, ನಮಗೋಸ್ಕರ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ, ಎಂಥ ಒಳ್ಳೆ ಜನ ಅಂದುಕೊಂಡೆ. ಎರಡೂ ಕೈ ಕಾಯಿಸಿಕೊಂಡೆ ಬೇರೆ! ಕಾಫಿ ಕೊಟ್ಟರು, ಕುಡಿದೆ. ಅಡಿಕೆ ದುಡ್ಡು ಎಣಿಸಿ ಕೊಟ್ಟು ಬಂದೆ. ಮಾರನೇ ದಿನ ನಮ್ಮ ಅಂಗಳದಲ್ಲಿ ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದರೆ, ಒಣಹಾಕಿದ ಅಡಿಕೆ ಕಾಣದಷ್ಟು ನೀಲಿ ಹೊಗೆ. ಇಂಜಿನ್ ಆಯಿಲ್ ಕುಡಿಯುತ್ತಿತ್ತು. ಬಿಸಿಯಾದ ಮೇಲೆ ಹೊಗೆ ಕಮ್ಮಿ. ಅದಕ್ಕೇ ಬಿಸಿ ಮಾಡಿಟ್ಟಿದ್ದರು. "ಬಚ್ಚಲ ಒಲೆ ಹಚ್ಚಿದ್ಯೇನೋ" ಅಂತ ಅಜ್ಜಿ ಒಳಗಿನಿಂದ ಕೇಳಿದರು. ಹೂಂ ಅಂದೆ.

ಇಪ್ಪತ್ತು ವರ್ಷದ ಮೇಲಾಯಿತು. ಈಗಲೂ ಯಾರ ಕಾರು ನಿಂತಿದ್ದರೂ ಬಾನೆಟ್ ಮುಟ್ಟುತ್ತೇನೆ. ನೀನು ನಗುತ್ತೀಯಲ್ಲ, ಅದು ಇದಕ್ಕೇ.

ನಿನ್ನ ಕಾರಿನದು ಎನ್47 ಇಂಜಿನ್. ಅದರ ಟೈಮಿಂಗ್ ಚೈನ್, ಅಂದರೆ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಚೈನ್, ಇರುವುದು ಇಂಜಿನ್ನಿನ ಹಿಂದೆ, ಗೇರ್‌ಬಾಕ್ಸ್ ಕಡೆಗೆ. ಚೈನ್ ಬದಲಿಸಬೇಕಾದರೆ ಗೇರ್‌ಬಾಕ್ಸ್ ಅಥವಾ ಇಂಜಿನ್ನೇ ಇಳಿಸಬೇಕು. ತುಂಡಾದರೆ ಇಂಜಿನ್ ಹೋದಂತೆಯೇ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಇಂಜಿನ್ನಿನ ಹಿಂದಿನಿಂದ ಏನಾದರೂ ಉಜ್ಜಿದ ಹಾಗೆ ಕೇಳುತ್ತದಾ ನೋಡು. ಗೇರ್‌ಬಾಕ್ಸ್ ಆಯಿಲ್ ಬದಲಿಸುವುದೇ ಬೇಡ ಅಂತ ಹೇಳುತ್ತಾರೆ, ನಂಬಬೇಡ. ಗೇರ್‌ಬಾಕ್ಸ್ ಮಾಡಿದ ಜೆಡ್‌ಎಫ್‌ನವರೇ 80,000ದಿಂದ 1,20,000 ಕಿಲೋಮೀಟರಿಗೆ ಬದಲಿಸಿ ಅನ್ನುತ್ತಾರೆ. ಬಿಲ್ ಕೇಳು. ಸ್ಟೆಪ್ನಿ ಇದೆಯಾ ನೋಡು. ಆರ್‌ಸಿಗೆ 2027ಕ್ಕೆ 15 ವರ್ಷ ಆಗುತ್ತದೆ, ಅದನ್ನೂ ಲೆಕ್ಕ ಹಾಕು. ಊರಿಗೆ ತಂದರೆ ಹಲಸಿನ ಮರದ ಕೆಳಗೆ ನಿಲ್ಲಿಸಬೇಡ. ಮುಂದಿನ ಗಾಜಿನ ಬುಡದಲ್ಲಿ ನೀರು ಹೋಗುವ ತೂತಿಗೆ ಎಲೆ ಕಟ್ಟಿಕೊಂಡರೆ ನಮ್ಮ ಮಳೆ ನೇರ ವೈರಿಂಗಿಗೆ.

ನೋಡು, ಮತ್ತೆ ಪಾಠ ಶುರುವಾಯಿತು.

ನೀನೇ ಸ್ಕ್ಯಾನರ್ ಹಾಕಿ ಕಾರಿನ ದೋಷ ತೋರಿಸುವ ಕೋಡ್ ಓದಿದೆ ಅಂದಾಗ ಸಿಟ್ಟಿನಲ್ಲೂ ಖುಷಿಯಾಯಿತು. ಸೊಸೈಟಿಯಲ್ಲಿ ನಾಲ್ಕು ಜನರಿಗೆ ಹೇಳಿದೆ. ಆದರೆ ಮಾರುವವರು ಕೋಡ್ ಅಳಿಸಿ ಇಟ್ಟಿರಬಹುದು ಅಲ್ವಾ?

ಶುಕ್ರವಾರ ರಾತ್ರಿ ಬಸ್ಸಿಗೆ ಬರುತ್ತೇನೆ. ಶನಿವಾರ ಬೆಳಗ್ಗೆ ಆರಕ್ಕೇ ಆ ಮಾರುವವರ ಮನೆಗೆ ಹೋಗೋಣ, ಬರುತ್ತೇವೆ ಅಂತ ಮೊದಲೇ ಹೇಳಬೇಡ. ನಾನು ಬಾನೆಟ್ ಮುಟ್ಟುತ್ತೇನೆ, ಅಷ್ಟೇ. ಮಾತು ನಿನ್ನದು.

ಅಮ್ಮ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ.

ಅಪ್ಪ