ಚಿತ್ರದ ಕ್ರಿಸ್‌ಮಸ್, ಮನೆಯ ಕ್ರಿಸ್‌ಮಸ್

ಮಾನ್ಯರೇ,

ಕ್ರಿಸ್‌ಮಸ್ ಮರದ ಸುತ್ತ ನಗುತ್ತ ನಿಂತ ಸಂಸಾರದ ಚಿತ್ರ ಮನೆಮಾತಾದದ್ದು 1848ರಲ್ಲಿ, ಲಂಡನ್ನಿನ ಸಚಿತ್ರ ವಾರಪತ್ರಿಕೆಯೊಂದು ವಿಕ್ಟೋರಿಯಾ ರಾಣಿಯ ಕುಟುಂಬವನ್ನು ಹಾಗೆ ಅಚ್ಚು ಹಾಕಿದ ಮೇಲೆ. ಅರಮನೆಯಲ್ಲಿ ಆಳುಕಾಳುಗಳಿದ್ದರು, ಬಿಡಿ.

ಮನೆಗಳಲ್ಲಿ ಸೀರಿಯಲ್ ಸೆಟ್‌ನ ಒಂದು ಬಲ್ಬ್ ಸಡಿಲವಾದರೆ ಸಾಲಿಗೆ ಸಾಲೇ ಆರುತ್ತದೆ. ಮರಕ್ಕೆ ಸುತ್ತುವ ಮೊದಲೇ ಹಚ್ಚಿ ನೋಡಬೇಕು. ಕಡಿದು ತಂದ ಮರದ ಬುಡವನ್ನು 2 ಸೆಂ.ಮೀ.ನಷ್ಟು ಹೊಸದಾಗಿ ಕೊಯ್ದು ಕೂಡಲೇ ನೀರಿಗಿಡದಿದ್ದರೆ ಅಂಟು ಕಟ್ಟಿ ನೀರೇರದು, ಎಲೆ ಉದುರುತ್ತದೆ. 5 ಕೆ.ಜಿ. ಟರ್ಕಿ ಕೋಳಿಯ ಹಿಮ ಫ್ರಿಜ್ಜಿನಲ್ಲಿ ಕರಗಲು 2 ದಿನಕ್ಕೂ ಹೆಚ್ಚು ಬೇಕು. ಹಿಂದಿನ ರಾತ್ರಿಯಷ್ಟೇ ತೆಗೆದಿಟ್ಟರೆ, ಬೇಯಿಸಿದಾಗ ಮೇಲೆ ಕೆಂಪಗೆ, ಮೂಳೆಯ ಬಳಿ ಹಸಿ. ಜಗಳ ಶುರುವಾಗುವುದೂ ಅಲ್ಲೇ, ಊಟ ತಡವಾದಾಗ. ಆಟಿಕೆಗೆ ಸೆಲ್ ತರಲು ಮರೆತದ್ದು ನೆನಪಾಗುವುದು ಅಂಗಡಿ ಮುಚ್ಚಿದ ಮೇಲೆ!

— ಓದುಗ