ಆಕರ ನೋಡಿದ ಮೇಲೆ ವಿಷಯ ನಿರ್ಧಾರವಾಗಲಿ

ಮಾನ್ಯರೇ,

ಇತಿಹಾಸ ಎಂ.ಎ. ವಿದ್ಯಾರ್ಥಿಗಳ ಕಿರುಪ್ರಬಂಧಗಳನ್ನು ಹಲವು ವರ್ಷಗಳಿಂದ ಓದುತ್ತ ಬಂದಿರುವ ನನಗೆ ಒಂದು ಸಂಗತಿ ಪ್ರತಿ ಸಲವೂ ನೋವುಂಟುಮಾಡುತ್ತದೆ. ಒಂದೇ ಒಂದು ಶಾಸನಪಾಠವನ್ನು ಕಣ್ಣಾರೆ ನೋಡುವ ಮೊದಲೇ ವಿದ್ಯಾರ್ಥಿಯು ಶೀರ್ಷಿಕೆಯನ್ನು ಬರೆದುಕೊಡಬೇಕಾಗುತ್ತದೆ. ಹೀಗಾಗಿ ‘ಹೊಯ್ಸಳರ ಕಾಲದ ನೀರಾವರಿ’, ‘ವಿಜಯನಗರದ ಆಡಳಿತ’ ಎಂಬಂಥ, ಒಂದು ಸೆಮಿಸ್ಟರಿನಲ್ಲಿ ಯಾರಿಂದಲೂ ಮುಗಿಸಲಾಗದ ವಿಷಯಗಳು ನೋಂದಣಿಯಾಗುತ್ತವೆ. ಕೊನೆಗೆ ಹಳೆಯ ಪ್ರಬಂಧಗಳಿಂದ ಪುಟಗಟ್ಟಲೆ ಎತ್ತಿಕೊಳ್ಳುವುದೊಂದೇ ದಾರಿಯಾಗುತ್ತದೆ.

ಚನ್ನರಾಯಪಟ್ಟಣ ತಾಲ್ಲೂಕಿನ ವಿದ್ಯಾರ್ಥಿನಿಯೊಬ್ಬಳು ಇಂಥದೇ ನೀರಾವರಿಯ ವಿಷಯ ಹಿಡಿದು ಬಂದಾಗ, ಬಿ.ಎಲ್. ರೈಸ್ ಸಂಪಾದಿಸಿದ ಶಾಸನಪಾಠಗಳ ಸಂಪುಟಮಾಲೆಯಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವನ್ನು, ಅಂದರೆ ಹಾಸನ ಜಿಲ್ಲೆಯದನ್ನು, ಆಕೆಯ ಕೈಗಿತ್ತು, ನಿನ್ನ ತಾಲ್ಲೂಕಿನ ಶಾಸನಗಳಲ್ಲಿ ಕೆರೆ, ತೂಬು, ಬಿತ್ತುವಟ್ಟ, ಕಟ್ಟುಕೊಡಗೆ (ಇವೆರಡೂ ಕೆರೆಯ ಕೆಲಸಕ್ಕಾಗಿ ಬಿಡುತ್ತಿದ್ದ ದತ್ತಿಗಳು) ಎಂಬ ಮಾತುಗಳು ಬರುವಲ್ಲೆಲ್ಲ ಗುರುತು ಹಾಕಿಕೊಂಡು ಬಾ ಎಂದೆ. ಶಾಸನಗಳಿಗೆ ತಾಲ್ಲೂಕುವಾರು ಸಂಖ್ಯೆ ಕೊಟ್ಟು ಜೋಡಿಸಿರುವುದರಿಂದ ಎರಡೇ ವಾರದಲ್ಲಿ ಆ ಕೆಲಸ ಮುಗಿಯಿತು. ಕೆರೆಯ ಕೆಲಸಕ್ಕೆಂದು ಬಿಟ್ಟ ಜಮೀನುಗಳ ಉಲ್ಲೇಖವನ್ನು ಒಟ್ಟಿಗೆ ಕಂಡಾಗ, ಕಟ್ಟಿದ ಕೆರೆಯ ದುರಸ್ತಿಯನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂಬ ಪ್ರಶ್ನೆ ಆಕೆಗೆ ತಾನಾಗಿಯೇ ಹೊಳೆಯಿತು. ತನ್ನ ಊರಿನ ಬಳಿಯ ಶಾಸನದ ಕಲ್ಲನ್ನು ನೋಡಲು ಹೋದಾಗ ಕೆಳಗಿನ ಸಾಲುಗಳು ಮಣ್ಣಿನಲ್ಲಿ ಹೂತಿದ್ದವು. ನೂರು ವರ್ಷದ ಹಿಂದೆ ಅಚ್ಚಾದ ಪಾಠದ ಬೆಲೆ ಏನೆಂಬುದು ಅಂದು ಆಕೆಗೆ ತಿಳಿಯಿತು.

ಹುಡುಕುವುದನ್ನೂ ಕಲಿಸಬೇಕು. ಇಂದಿನ ಸಕಲೇಶಪುರದ ಶಾಸನಗಳನ್ನು ಆ ಸಂಪುಟದಲ್ಲಿ ಮಂಜರಾಬಾದ್ ಎಂಬ ಹೆಸರಿನಡಿ ನೋಡಬೇಕು. ಚನ್ನರಾಯಪಟ್ಟಣ ತಾಲ್ಲೂಕಿನದೇ ಆದ ಶ್ರವಣಬೆಳಗೊಳದವು ಪ್ರತ್ಯೇಕವಾಗಿ ಎರಡನೆಯ ಸಂಪುಟದಲ್ಲಿವೆ. ಇದನ್ನು ಹೇಳಿಕೊಡುವವರಿಲ್ಲದೆ ‘ಆಕರಗಳು ಲಭ್ಯವಿಲ್ಲ’ ಎಂದು ಬರೆದುಬಿಟ್ಟವರನ್ನು ನಾನು ಬಲ್ಲೆ. ಮೈಸೂರು ವಿಶ್ವವಿದ್ಯಾನಿಲಯ ಹೊರತಂದಿರುವ ಪರಿಷ್ಕೃತ ಸಂಪುಟಗಳೊಡನೆ ಹಳೆಯ ಪಾಠವನ್ನು ಹೋಲಿಸಿ ನೋಡುವುದೂ ಅಗತ್ಯ. ಶೋಧಗಂಗಾ ಜಾಲತಾಣದ ಪಿಎಚ್.ಡಿ. ಪ್ರಬಂಧಗಳಿಂದ ಈಗಾಗಲೇ ಏನು ನಡೆದಿದೆ ಎಂದು ತಿಳಿಯಬಹುದು, ಆದರೆ ಅವು ಮೂಲ ಆಕರಗಳಲ್ಲ.

ಆದ್ದರಿಂದ ಸ್ನಾತಕೋತ್ತರ ವಿಭಾಗಗಳು ಶೀರ್ಷಿಕೆಯ ನೋಂದಣಿಯನ್ನು ಒಂದು ತಿಂಗಳು ಮುಂದಕ್ಕೆ ಹಾಕಿ, ವಿದ್ಯಾರ್ಥಿಯು ತಾನೇ ಓದಿದ ಹತ್ತು ಮೂಲ ಆಕರಗಳ ಪಟ್ಟಿಯನ್ನು ಮಾರ್ಗದರ್ಶಕರಿಗೆ ತೋರಿಸಿದ ಬಳಿಕವಷ್ಟೇ ವಿಷಯಕ್ಕೆ ಒಪ್ಪಿಗೆ ನೀಡಬೇಕೆಂದು ಕೋರುತ್ತೇನೆ.

– ನಿವೃತ್ತ ಇತಿಹಾಸ ಅಧ್ಯಾಪಕ, ಹಾಸನ